ಕೋಲು ಹಿಡಿದ ಓಬವ್ವ: ಸೋಲ್‌ಕ್ಯಾಲಿಬರ್ 6 ಜೊತೆ ಎರಡು ವರ್ಷ

"ಇದು ಒನಕೆನಾ? ದನ ಕಾಯೋರ ಕೋಲಿದ್ದಂಗಿದೆಯಲ್ಲೇ!"

ನನ್ನ ಬೆನ್ನ ಹಿಂದೆ ನಿಂತು ಲ್ಯಾಪ್‌ಟಾಪ್ ಇಣುಕಿ ನೋಡಿದ ಅಮ್ಮ ಹೇಳಿದ್ದು ಇಷ್ಟೇ. ಮೂರು ರಾತ್ರಿ ಕೂತು ನಾನು ಓಬವ್ವನನ್ನು ಮಾಡಿದ್ದೆ. ಕಚ್ಚೆ ಸೀರೆ, ತುರುಬು, ಹಣೆಯಲ್ಲಿ ಕಾಸಿನಗಲ ಕುಂಕುಮ, ಎಲ್ಲಾ ಇತ್ತು. ಕೈಯಲ್ಲಿದ್ದದ್ದು ಮಾತ್ರ ತೆಳ್ಳನೆಯ ಚೀನೀ ಕೋಲು. ಅಮ್ಮ ಚಿತ್ರದುರ್ಗದವಳು. ಚಿಕ್ಕವಳಿದ್ದಾಗ ಒನಕೆ ಹಿಡಿದು ನವಣೆ ಕುಟ್ಟಿದವಳು. ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. "ತುದಿಗೆ ಕಬ್ಬಿಣದ ಬಳೆ ಎಲ್ಲಿ?" ಅಂತ ಇನ್ನೊಂದು ಕೇಳಿ ಅಡುಗೆಮನೆಗೆ ಹೋದಳು.

ಇದೊಂದು ಹೊಡೆದಾಟದ ವಿಡಿಯೊ ಗೇಮ್, ಹೆಸರು ಸೋಲ್‌ಕ್ಯಾಲಿಬರ್ 6. ಬಂದೈ ನಾಮ್ಕೋ ಕಂಪನಿಯದು. 2018ರ ಅಕ್ಟೋಬರ್ 19ಕ್ಕೆ ಪಿಎಸ್4 (ಪ್ಲೇಸ್ಟೇಷನ್ 4), ಎಕ್ಸ್‌ಬಾಕ್ಸ್ ಒನ್ ಅನ್ನುವ ಗೇಮ್ ಯಂತ್ರಗಳಿಗೂ ಪಿಸಿಗೂ ಬಂತು. ಬರಿಗೈ ಗುದ್ದಾಟ ಇದರಲ್ಲಿಲ್ಲ, ಎಲ್ಲರ ಕೈಯಲ್ಲೂ ಒಂದೊಂದು ಆಯುಧ. ನಾನು ತಗೊಂಡಿದ್ದು ತಡವಾಗಿ, ಎರಡು ವರ್ಷದ ಹಿಂದೆ, ಪಿಸಿಗೆ, ಬೆಲೆ ಇಳಿಸಿದಾಗ. ಮದುವೆಗೆ ಮುಯ್ಯಿ ಹಾಕುವ ಕವರ್‌ನಷ್ಟು ದುಡ್ಡು. ಆ ದುಡ್ಡಿಗೆ ನನಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಬರೆಯೋಣ ಅನ್ನಿಸಿತು.

ನಾನು ಆಟ ಆಡಿ ಬಹುಮಾನ ಗೆಲ್ಲುವ ಪೈಕಿ ಅಲ್ಲ. ಬೆಂಗಳೂರಿನಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ರಾತ್ರಿ ಹತ್ತಕ್ಕೆ ಶಟರ್ ಎಳೆದು ಮನೆಗೆ ಬಂದರೆ, ಊಟ ಮುಗಿದು ಹನ್ನೊಂದರಿಂದ ಹನ್ನೆರಡೂವರೆ ತನಕ ನನ್ನ ಸಮಯ. ಇಡೀ ದಿನ ವೈದ್ಯರ ಕೈಬರಹ ಓದಿದ ಮೇಲೆ ಯಾರಿಗಾದರೂ ನಾಲ್ಕು ಬಾರಿಸೋಣ ಅನ್ನಿಸುತ್ತೆ, ಅಲ್ವಾ?

ಈ ಆಟದ ಹುಚ್ಚು ಹಳೆಯದು. 2006ರ ಸುಮಾರಿಗೆ ದುರ್ಗದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗೇಮ್ ಪಾರ್ಲರ್ ಇತ್ತು. ನಾಲ್ಕು ಪಿಎಸ್2, ನಾಲ್ಕು ಡಬ್ಬಾ ಟಿವಿ, ಅರ್ಧ ಗಂಟೆಗೆ ಹತ್ತು ರೂಪಾಯಿ. ಅಲ್ಲಿಗೆ ಬರುತ್ತಿದ್ದ ಹುಡುಗಿ ನಾನೊಬ್ಬಳೇ, ಅದೂ ತಮ್ಮನನ್ನು ಕಾಯುವ ನೆಪದಲ್ಲಿ. ಅಲ್ಲಿ ಸೋಲ್‌ಕ್ಯಾಲಿಬರ್ 3 ಇತ್ತು. ಅದರಲ್ಲಿ ನಮ್ಮದೇ ಆಳನ್ನು, ಅಂದರೆ ಹೊಡೆದಾಡುವ ಪಾತ್ರವನ್ನು, ಮಾಡಿಕೊಳ್ಳಬಹುದಿತ್ತು. ಬೇಸಿಗೆ ರಜೆಯಿಡೀ ನಾನೂ ತಮ್ಮನೂ ಸೇರಿ ಒಬ್ಬ ಆಳನ್ನು ಬೆಳೆಸಿದೆವು. ಒಂದು ಸೋಮವಾರ ಹೋಗಿ ನೋಡಿದರೆ ಆಳೇ ಇಲ್ಲ. ಪಿಎಸ್2 ಮೆಮೊರಿ ಕಾರ್ಡಿನಲ್ಲಿ ಜಾಗ ಇರುತ್ತಿದ್ದದ್ದೇ 8 ಎಂಬಿ. ಯಾರೋ ಕ್ರಿಕೆಟ್ ಆಟದ ಟೂರ್ನಮೆಂಟ್ ಉಳಿಸಿಕೊಳ್ಳಬೇಕು ಅಂದರಂತೆ, ಪಾರ್ಲರ್ ಅಣ್ಣ ನಮ್ಮ ಆಳನ್ನು ಅಳಿಸಿಬಿಟ್ಟಿದ್ದ. ತಮ್ಮ ದಾರಿಯುದ್ದಕ್ಕೂ ಅತ್ತ. ಈಗ ಅವನು ಟೊರೊಂಟೊದಲ್ಲಿದ್ದಾನೆ, ಗಡ್ಡ ಬಂದಿದೆ, ಈ ಕತೆ ಎತ್ತಿದರೆ ಇವತ್ತಿಗೂ ಮುಖ ಊದಿಸಿಕೊಳ್ಳುತ್ತಾನೆ.

ಆದ್ದರಿಂದ 6ನ್ನು ಕೊಂಡ ತಕ್ಷಣ ನಾನು ಹೋಗಿದ್ದು ಹೊಡೆದಾಟಕ್ಕಲ್ಲ, ಆಳು ಮಾಡುವ ಜಾಗಕ್ಕೆ. ಅಲ್ಲಿ ಕ್ರಿಯೇಷನ್ ಅಂತ ಒಂದು ವಿಭಾಗ. ಮೊದಲು ಜಾತಿ ಆರಿಸಬೇಕು. ಗಾಬರಿ ಬೇಡ, ನಮ್ಮ ಕಡೆಯ ಜಾತಿ ಅಲ್ಲ. ಮನುಷ್ಯ, ಅಸ್ಥಿಪಂಜರ, ಹಲ್ಲಿಮನುಷ್ಯ, ಹೀಗೆ ಹದಿನಾರು ಬಗೆ. ಆಮೇಲೆ ಎತ್ತರ, ಮೈಕಟ್ಟು, ಮುಖ, ದನಿ. ದನಿಯನ್ನು ಗಡಸು ಮಾಡಬಹುದು, ಕೀರಲು ಮಾಡಬಹುದು. ಆಮೇಲೆ ಬಟ್ಟೆ. ತಲೆಯಿಂದ ಕಾಲಿನ ತನಕ ಒಂದೊಂದು ಭಾಗಕ್ಕೂ ಬೇರೆ ಬೇರೆ ಆಯ್ಕೆ, ಬೇರೆ ಬೇರೆ ಬಣ್ಣ, ಬಟ್ಟೆಯ ಮೇಲೆ ಡಿಸೈನ್, ಅದರ ಮೇಲೆ ಸ್ಟಿಕರ್. ಇಷ್ಟಾದ ಮೇಲೆ ಮೈಗೆ ಅಂಟಿಸುವ ಬಿಡಿ ವಸ್ತುಗಳು ಬೇರೆ. ಅವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ತಿರುಗಿಸಬಹುದು, ಬೇಕಾದ ಕಡೆ ಸರಿಸಬಹುದು. ಕೆಲವು ಬಟ್ಟೆಗಳು ಮೊದಲೇ ಸಿಗುವುದಿಲ್ಲ, ಆಡಿ ಪಾಯಿಂಟ್ ಗಳಿಸಿ ಬಿಡಿಸಿಕೊಳ್ಳಬೇಕು.

ಜಪಾನಿ ಕಿಮೋನೊ ಇದೆ, ಯುರೋಪಿನ ಕಬ್ಬಿಣದ ಕವಚ ಇದೆ, ಕಡಲುಗಳ್ಳರ ಕೋಟು ಇದೆ. ಸೀರೆ ಮಾತ್ರ ಹುಡುಕಿ ಹುಡುಕಿ ಸಾಕಾದೆ. ಕೊನೆಗೆ ದರ್ಜಿಯ ಕೆಲಸಕ್ಕೆ ಇಳಿದೆ. ಕೆಳಗೆ ಸಡಿಲವಾದ ಒಂದು ಪೈಜಾಮ, ಅದರ ಮೇಲೆ ಸೊಂಟಕ್ಕೆ ಸುತ್ತುವ ಬಟ್ಟೆ, ಎರಡಕ್ಕೂ ಒಂದೇ ಬಣ್ಣ. ಬಣ್ಣ ಒಂದೇ ಆದರೂ ಬಟ್ಟೆಯ ಹೊಳಪು ಬೇರೆ ಬೇರೆ, ಹಾಗಾಗಿ ಒಂದಕ್ಕೆ ಕಪ್ಪು ಜಾಸ್ತಿ ಬೆರೆಸಬೇಕಾಯಿತು. ಅಂಚಿಗೆ ಡಿಸೈನ್ ಹುಡುಕುತ್ತಾ ಅಮ್ಮನ ಮೊಳಕಾಲ್ಮೂರು ಸೀರೆಯನ್ನು ಬೀರುವಿನಿಂದ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಆ ಕೆಂಪು, ಆ ಹಸಿರು, ನೂರು ಸಲ ಆಚೀಚೆ ಜರುಗಿಸಿದೆ. ಪರದೆಯ ಮೇಲೆ ಕೊನೆಗೂ ಸರಿಹೊಂದಿದಾಗ ರಾತ್ರಿ ಒಂದೂವರೆ. ಸೆರಗಿಗೆ ಬಿಡಿ ವಸ್ತುಗಳಲ್ಲಿದ್ದ ಒಂದು ಬಟ್ಟೆ ತುಂಡನ್ನು ಎಳೆದು ಉದ್ದ ಮಾಡಿ ಎದೆಯ ಮೇಲೆ ಹಾಯಿಸಿದೆ. ನಿಂತಾಗ ಸೊಗಸಾಗಿ ಕಾಣುತ್ತಿತ್ತು. ಓಡಲು ಶುರು ಮಾಡಿದರೆ ಸೆರಗು ಭುಜದೊಳಗೇ ಹೊಕ್ಕಿಬಿಡುತ್ತಿತ್ತು. ಅದನ್ನು ಎರಡು ಬೆರಳಷ್ಟು ಮೇಲೆತ್ತಿ ಕೂರಿಸಿದೆ. ಈಗ ಪಕ್ಕದಿಂದ ನೋಡಿದರೆ ಸೆರಗು ಗಾಳಿಯಲ್ಲಿ ತೇಲುತ್ತೆ. ಇರಲಿ ಬಿಡಿ, ಪಕ್ಕದಿಂದ ನೋಡುವವರು ಯಾರು?

ಒನಕೆಯದ್ದು ಬೇರೆ ತಕರಾರು. ನಮ್ಮ ಆಳಿಗೆ ಹೊಸ ವರಸೆ ಕಲಿಸಲು ಆಗುವುದಿಲ್ಲ. ಆಟದಲ್ಲಿ ಈಗಾಗಲೇ ಇರುವ ಯಾರಾದರೊಬ್ಬರ ವರಸೆಯನ್ನೇ ಆರಿಸಬೇಕು, ಅವರ ಆಯುಧವನ್ನೇ ಹಿಡಿಯಬೇಕು. ಕೋಲಿನವನು ಅಂದರೆ ಕಿಲಿಕ್. ಚೀನಾದ ಲಿಂಗ್-ಶೆಂಗ್ ಸು ಅನ್ನುವ ದೇವಸ್ಥಾನದಲ್ಲಿ ಬೆಳೆದ ಹುಡುಗ. ಅವನ ಕೋಲಿನ ಹೆಸರು ಏನು ಗೊತ್ತಾ? ಕಲಿಯುಗ! ಮೊದಲ ಸಲ ಓದಿದಾಗ ನಾನು ತಪ್ಪು ಓದಿದೆ ಅಂದುಕೊಂಡೆ. ಆ ದೇವಸ್ಥಾನದ ಮೂರು ನಿಧಿಗಳಲ್ಲಿ ಕೋಲು ಕಲಿಯುಗ, ಕನ್ನಡಿ ದ್ವಾಪರಯುಗ, ಕತ್ತಿ ಕೃತಯುಗ. ತ್ರೇತಾಯುಗ ಎಲ್ಲಿ ಬಿಟ್ಟರೋ ಅವರೇ ಹೇಳಬೇಕು. ಹೀಗಾಗಿ ನನ್ನ ಓಬವ್ವ ಕಲಿಯುಗ ಹಿಡಿದು ನಿಂತಿದ್ದಾಳೆ. ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳಿದರೆ ಒಬ್ಬೊಬ್ಬರಿಗೂ ಕಲಿಯುಗದ ದರ್ಶನ.

ಹೆಸರುಗಳ ಮಾತು ಬಂದಿದ್ದರಿಂದ ಇನ್ನೂ ಸ್ವಲ್ಪ. ವೋಲ್ಡೊ ಅಂತ ಒಬ್ಬನಿದ್ದಾನೆ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಜೇಡದ ಹಾಗೆ ಹರಿದಾಡುವವನು. ಇಟಲಿಯವನು, ಕೈಯಲ್ಲಿರುವುದು ಮಾತ್ರ ನಮ್ಮ ದೇಶದ ಕಠಾರಿ, ಮುಷ್ಟಿಯಲ್ಲಿ ಅಡ್ಡ ಹಿಡಿದು ಚುಚ್ಚುವಂಥದ್ದು. ಆ ಜೋಡಿಗೆ ಮನಸ್, ಆಯುಸ್ ಅಂತ ಹೆಸರು. ಐವಿ ಅನ್ನುವವಳ ಕತ್ತಿ ತುಂಡು ತುಂಡಾಗಿ ಬಿಚ್ಚಿಕೊಂಡು ಚಾವಟಿಯಾಗುತ್ತೆ. ನೋಡಿದರೆ ಕೇರಳದ ಕಳರಿಯ ಬಳುಕುವ ಕತ್ತಿ ಉರುಮಿಯ ದೂರದ ನೆಂಟ ಅನ್ನಿಸುತ್ತೆ. ಹೊಡೆದಾಟದ ಜಾಗಗಳಲ್ಲಿ ಒಂದಕ್ಕೆ ಇಂಡಿಯನ್ ಪೋರ್ಟ್: ಸನ್‌ಸೆಟ್ ಅಂತ ಹೆಸರು. ಸಂಜೆಗೆಂಪಿನ ಬಂದರು. ಯಾವ ಊರಿನ ಬಂದರು ಅಂತ ಆ ಹೆಸರಲ್ಲಿಲ್ಲ. ನಾನಂತೂ ಅದನ್ನು ಹೊನ್ನಾವರ ಅಂದುಕೊಂಡು ಆಡುತ್ತೇನೆ.

ಹೊನ್ನಾವರ ಸುಮ್ನೆ ಅಂದಿದ್ದಲ್ಲ. ಈ ಆಟ ಸರಣಿಯ ಮೊದಲ ಸೋಲ್‌ಕ್ಯಾಲಿಬರ್‌ನ ಕತೆಯನ್ನೇ ತಿರುಗಿ ಹೇಳುತ್ತೆ. ಅದು ಆರ್ಕೇಡ್‌ಗೆ (ನಾಣ್ಯ ಹಾಕಿ ಆಡುವ ಯಂತ್ರಕ್ಕೆ) ಬಂದದ್ದು 1998ರಲ್ಲಿ, ಇದು ಸರಿಯಾಗಿ ಇಪ್ಪತ್ತು ವರ್ಷದ ನಂತರ. ಕತೆ ನಡೆಯುವುದು 1583ರಿಂದ 1590ರ ನಡುವೆ. ನನ್ನ ಓಬವ್ವನ ಫೋಟೊ ಕಳಿಸಿದಾಗ ತಮ್ಮ ತಕ್ಷಣ ಕೊಕ್ಕೆ ಹಾಕಿದ: "ಅಕ್ಕಾ, ಓಬವ್ವ ಹೈದರಾಲಿ ಕಾಲದವಳು. ಇನ್ನೂರು ವರ್ಷ ಬೇಗ ಹುಟ್ಟಿಸಿದೀಯ." ಲೆಕ್ಕ ಸರಿಯೇ. 1583 ಅಂದರೆ ತಾಳಿಕೋಟೆ ಯುದ್ಧ ಆಗಿ ಹದಿನೆಂಟು ವರ್ಷ. ಆಗ ನಮ್ಮ ಕರಾವಳಿಯಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳುತ್ತಿದ್ದಳು, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆಯುತ್ತಿದ್ದ ರಾಣಿ. ಆಟದ ಕಾಲಕ್ಕೆ ಸರಿಯಾಗಿ ಹೊಂದುವವಳು. ಮರುದಿನವೇ ಅವಳನ್ನೂ ಮಾಡಿದೆ. ಗ್ರೀಸಿನ ಸೋಫಿಟಿಯಾಳ ಕತ್ತಿ-ಗುರಾಣಿ ವರಸೆ ಕೊಟ್ಟೆ. ಅವಳನ್ನು ಆ ಬಂದರಿನಲ್ಲಿ ನಿಲ್ಲಿಸಿದರೆ ಯಾರೂ ಕೊಕ್ಕೆ ಹಾಕುವಂತಿಲ್ಲ. ಆದರೆ ನನ್ನ ಕೈ ಹೋಗುವುದು ಓಬವ್ವನ ಕಡೆಗೇ. ಊರಿನ ಋಣ.

ಇನ್ನು ಹೊಡೆದಾಟ. ಮುಖ್ಯ ಗುಂಡಿಗಳು ನಾಲ್ಕೇ. ಅಡ್ಡ ಏಟು, ಉದ್ದ ಏಟು, ಒದೆ, ತಡೆ. ಕೈಯಲ್ಲಿರುವುದು ಒನಕೆ ಅಂದುಕೊಂಡರೆ ಬೀಸುವುದು ಒಂದು, ಕುಟ್ಟುವುದು ಇನ್ನೊಂದು. ಕುಟ್ಟುವವರು ಎದುರಿಗೆ ಬಂದರೆ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳಬಹುದು. ಪಕ್ಕಕ್ಕೆ ಸರಿಯುವವರನ್ನು ಬೀಸಿ ಹಿಡಿಯಬಹುದು. ಬೀಸುವವರನ್ನು ಕುಟ್ಟಿ ನಿಲ್ಲಿಸಬಹುದು. ಆಟದ ಬುನಾದಿ ಇಷ್ಟೇ. ಎಂಟು ದಿಕ್ಕಿಗೂ ಆರಾಮಾಗಿ ಓಡಾಡಬಹುದು, ಇದೇ ಸೋಲ್‌ಕ್ಯಾಲಿಬರ್‌ನ ಹಳೆಯ ಗುರುತು. ಅಂಗಳಕ್ಕೆ ಅಂಚು ಅನ್ನುವುದಿದೆ. ಆಚೆ ಬಿದ್ದರೆ, ಪ್ರಾಣ ಎಷ್ಟೇ ಉಳಿದಿದ್ದರೂ, ಆ ಸುತ್ತು ಹೋಯಿತು. ನನ್ನ ಅರ್ಧ ಸೋಲುಗಳು ಹೀಗೇ ಆಗಿವೆ. ನಿಧಾನಕ್ಕೆ ಹಿಂದೆ ಹಿಂದೆ ಹೋಗಿ ನೀರಿಗೆ ಬೀಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಗಾರ್ಡ್ ಇಂಪ್ಯಾಕ್ಟ್ ಅಂತ ಒಂದಿದೆ, ಎದುರಾಳಿಯ ಏಟು ಬೀಳುವ ಗಳಿಗೆಗೆ ಸರಿಯಾಗಿ ಮುಂದೆ ಒತ್ತಿ ತಡೆದರೆ ಅವರ ಆಯುಧ ಆಚೆ ಚಿಮ್ಮುತ್ತೆ. ಠಣ್ ಅನ್ನುವ ಆ ಶಬ್ದಕ್ಕೇ ದುಡ್ಡು ಕೊಡಬಹುದು. ಎರಡು ವರ್ಷ ಆಯಿತು, ಇನ್ನೂ ಹತ್ತರಲ್ಲಿ ಮೂರು ಸಲ ಮಾತ್ರ ನನಗೆ ಕೂಡಿಬರುತ್ತೆ. ತಪ್ಪಿದರೆ ಬಾಯಿ ತೆರೆದುಕೊಂಡು ನಿಂತಿರುತ್ತೇನೆ, ಎದುರಿನವರು ಪುರುಸೊತ್ತಾಗಿ ಬಾರಿಸುತ್ತಾರೆ. ಹೊಡೆದಾಡುತ್ತಾ ಹೋದ ಹಾಗೆ ಪರದೆಯ ಮೇಲೆ ಒಂದು ಮೀಟರ್ ತುಂಬುತ್ತೆ. ಅದು ತುಂಬಿದರೆ ಕ್ರಿಟಿಕಲ್ ಎಡ್ಜ್ ಅನ್ನುವ ದೊಡ್ಡ ಏಟು, ಇಲ್ಲವೇ ಸೋಲ್ ಚಾರ್ಜ್ ಅಂತ ಸ್ವಲ್ಪ ಹೊತ್ತು ಮೈಮೇಲೆ ಬಂದ ಹಾಗೆ ಆಡುವ ಅವಕಾಶ.

ಹೊಸದಾಗಿ ತಂದದ್ದು ರಿವರ್ಸಲ್ ಎಡ್ಜ್. ಒಂದೇ ಗುಂಡಿ. ಅದನ್ನು ಹಿಡಿದರೆ ಬರುವ ಏಟುಗಳನ್ನು ತಡೆದುಕೊಂಡು ತಿರುಗಿ ಒಂದು ಹೊಡೆಯುತ್ತೇವೆ. ಅದು ತಾಗಿದರೆ ಸಿನಿಮಾ ಶುರು. ಎಲ್ಲಾ ನಿಧಾನ, ಕ್ಯಾಮೆರಾ ಸುತ್ತುತ್ತೆ, ಇಬ್ಬರೂ ಗುರಾಯಿಸಿಕೊಂಡು ನಿಲ್ಲುತ್ತಾರೆ. ಈಗ ಕಲ್ಲು-ಕಾಗದ-ಕತ್ತರಿ. ಅಡ್ಡ ಏಟು ಒದೆಯನ್ನು ಗೆಲ್ಲುತ್ತೆ, ಒದೆ ಉದ್ದ ಏಟನ್ನು, ಉದ್ದ ಏಟು ಅಡ್ಡ ಏಟನ್ನು. ಮೊದಲ ವಾರ ಇದು ಭಾರಿ ಮಜಾ. ಹೊಸಬರಿಗೆ ಉಸಿರಾಡಲು ಒಂದು ಜಾಗ ಸಿಗುತ್ತೆ. ಎರಡನೇ ತಿಂಗಳಿಗೆ ಸಾಕು ಸಾಕಾಗುತ್ತೆ. ಚೆನ್ನಾಗಿ ಓಡುತ್ತಿರುವ ಬಸ್ಸನ್ನು ಪ್ರತಿ ಸ್ಟಾಪಿನಲ್ಲೂ ಕೈ ಅಡ್ಡ ಹಾಕಿ ನಿಲ್ಲಿಸಿದ ಹಾಗೆ. ಚೆನ್ನಾಗಿ ಆಡುವವರು ಇದನ್ನು ಕಾದು ನೋಡಿ ಪಕ್ಕಕ್ಕೆ ಸರಿಯುತ್ತಾರೆ, ನನ್ನಂಥವರು ಮಾತ್ರ ಒಬ್ಬರಿಗೊಬ್ಬರು ಇದನ್ನೇ ಒತ್ತುತ್ತಾ ಕೂರುತ್ತೇವೆ.

ಒಬ್ಬಳೇ ಆಡುವ ಭಾಗ ಎರಡಿವೆ. ಸೋಲ್ ಕ್ರಾನಿಕಲ್‌ನಲ್ಲಿ ಕಿಲಿಕ್‌ನ ಮುಖ್ಯ ಕತೆ, ಜೊತೆಗೆ ಪ್ರತಿಯೊಬ್ಬರಿಗೂ ಒಂದು ಪುಟ್ಟ ಕತೆ. ಹೆಚ್ಚಾಗಿ ಚಲಿಸದ ಚಿತ್ರಗಳು, ಮೇಲೆ ಮಾತು. ಚಿತ್ರ ಚೆನ್ನಾಗಿವೆ, ಕತೆ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಲಿಬ್ರಾ ಆಫ್ ಸೋಲ್ ಬೇರೆ ಥರ. ಅಲ್ಲಿ ನಾವು ಮಾಡಿದ ಆಳೇ ನಾಯಕ. ನಕ್ಷೆಯ ಮೇಲೆ ಊರೂರು ತಿರುಗಬೇಕು, ಕೂಲಿ ಆಳುಗಳನ್ನು ಇಟ್ಟುಕೊಳ್ಳಬಹುದು, ಹೊಡೆದಾಟಕ್ಕೆ ಮೊದಲು ಊಟ ಮಾಡಿ ಬಲ ಏರಿಸಿಕೊಳ್ಳಬಹುದು. ಮಾತಿನ ನಡುವೆ ಒಳ್ಳೆಯದೋ ಕೆಟ್ಟದ್ದೋ ಆರಿಸಿದ ಹಾಗೆ ತಕ್ಕಡಿ ಒಂದು ಕಡೆ ವಾಲುತ್ತೆ. ಓಬವ್ವನನ್ನು ಇಲ್ಲಿ ಅಷ್ಟು ದೂರ ನಡೆಸಿದ್ದು ನನಗೆ ಖುಷಿ ಕೊಟ್ಟಿತು, ಸುಳ್ಳು ಹೇಳಲ್ಲ. ಒಂದು ಸಲ ದಾರಿಹೋಕರೊಬ್ಬರನ್ನು ದೋಚುವ ಆಯ್ಕೆ ಬಂತು. ಕೈ ಬರಲಿಲ್ಲ. ಬೇರೆ ಯಾವ ಆಳಾಗಿದ್ದರೂ ದೋಚುತ್ತಿದ್ದೆ.

ಆದರೆ ಓದುವುದು ವಿಪರೀತ. ಪರದೆ ತುಂಬ ಇಂಗ್ಲಿಷ್ ಪಠ್ಯ, ದನಿ ಇಲ್ಲ. ಒಂದು ನಿಮಿಷದ ಹೊಡೆದಾಟಕ್ಕೆ ಮೂರು ನಿಮಿಷದ ಓದು, ಅದರ ಜೊತೆ ಲೋಡಿಂಗ್. ನನ್ನ ಲ್ಯಾಪ್‌ಟಾಪಿನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಲೋಡ್ ಆಗುವಷ್ಟರಲ್ಲಿ ಹಾಲು ಉಕ್ಕಿ ಒಲೆ ಮೇಲೆ ಹರಿದದ್ದೂ ಉಂಟು. ಎಸ್‌ಎಸ್‌ಡಿ ಅನ್ನುವ ಚುರುಕು ಡಿಸ್ಕ್ ಹಾಕಿಸಿದ ಮೇಲೆ ಹಾಲು ಉಳಿಯಿತು.

ದಿ ವಿಚರ್ ಆಟದ ಗೆರಾಲ್ಟ್ ಇದರಲ್ಲಿ ಅತಿಥಿ, ಅವನ ಕೇರ್ ಮೊರ್ಹೆನ್ ಕೋಟೆಯ ಮಾದರಿಯ ಅಂಗಳವೂ ಇದೆ. ಆಟದ ಜೊತೆಗೇ ಸಿಗುವವರು ಒಟ್ಟು ಇಪ್ಪತ್ತೊಂದು. ಆಮೇಲೆ ದುಡ್ಡಿಗೆ ಬಂದವರು ಇನ್ನೂ ಎಂಟು. ಟೀರಾ ಅನ್ನುವವಳನ್ನು ಆಟ ಬಂದ ದಿನವೇ ಬೇರೆ ದುಡ್ಡಿಗೆ ಇಟ್ಟಿದ್ದರು. ಇದಕ್ಕೆ ಆಗ ತುಂಬಾ ಜನ ಸಿಟ್ಟಾಗಿದ್ದರು, ನನಗೂ ಸರಿ ಕಾಣಲಿಲ್ಲ. ತಟ್ಟೆ ಹಾಕಿದ ಮೇಲೆ ಉಪ್ಪಿನಕಾಯಿಗೆ ಬೇರೆ ಬಿಲ್ ಅಂದ ಹಾಗೆ. ನಂತರ ಬಂದವರಲ್ಲಿ 2ಬಿ, ಏಮಿ, ಕಸಾಂಡ್ರಾ, ಹಿಲ್ಡೆ, ಹವೊಮಾರು, ಸೆಟ್ಸುಕಾ, ಹ್ವಾಂಗ್ ಇದ್ದಾರೆ. ನಾನು ಕೊಂಡದ್ದು ಸೆಟ್ಸುಕಾ ಒಬ್ಬಳನ್ನೇ. ಛತ್ರಿಯೊಳಗೆ ಕತ್ತಿ ಬಚ್ಚಿಟ್ಟುಕೊಂಡವಳು. ಮಳೆಗಾಲದಲ್ಲಿ ಬಸ್ಸಿಗೆ ಕಾಯುವ ಯಾವ ಹೆಂಗಸಿಗೂ ಇವಳು ಇಷ್ಟವಾಗುತ್ತಾಳೆ.

ಈಗ ಆನ್‌ಲೈನ್. ನಾನು ದುಡ್ಡು ಕೊಟ್ಟದ್ದೇ ಇದಕ್ಕೆ, ಟೊರೊಂಟೊದಲ್ಲಿರುವ ತಮ್ಮನ ಜೊತೆ ಆಡಲಿಕ್ಕೆ. ಭಾನುವಾರ ನನಗೆ ರಾತ್ರಿ ಹನ್ನೊಂದೂವರೆ, ಅವನಿಗೆ ಮಧ್ಯಾಹ್ನ ಎರಡು. ಅವನು ಆಟದಲ್ಲಿರುವ ಮಿತ್ಸುರುಗಿ ಅನ್ನುವವನ ಕತ್ತಿ ವರಸೆಯಲ್ಲಿ ಒಬ್ಬ ಆಳು ಮಾಡಿದ್ದಾನೆ, ಪಾರ್ಲರ್‌ನಲ್ಲಿ ಅಳಿಸಿಹೋದವನನ್ನೇ ನೆನಪಿನಿಂದ ತಿರುಗಿ ಮಾಡಿದ್ದಂತೆ. ಹಸಿರು ಕೂದಲು, ಒಂದೇ ಭುಜಕ್ಕೆ ಕವಚ. ಅವನನ್ನು ಪರದೆಯ ಮೇಲೆ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. "ಯಾಕಕ್ಕಾ, ನೆಟ್ ಹೋಯ್ತಾ?" ಅಂತ ಫೋನಿನಲ್ಲಿ ಕೇಳಿದ. ಹೌದು ಕಣೋ, ನೆಟ್ ಹೋಯ್ತು ಅಂದೆ.

ಆಮೇಲೆ ನಿಜವಾಗಿಯೂ ಹೋಯಿತು. ಅವತ್ತಿನ ಒಂದು ಸುತ್ತು ಹೇಳುತ್ತೇನೆ. ಅದೇ ಬಂದರು, ಇಬ್ಬರದೂ ಪ್ರಾಣ ಅರ್ಧ. ಅವನು ಕತ್ತಿ ಮೇಲೆತ್ತಿದ್ದು ನನಗೆ ಕಾಣಿಸಿತು. ಕುಟ್ಟುತ್ತಾನೆ, ಪಕ್ಕಕ್ಕೆ ಸರಿಯಬೇಕು. ಒತ್ತಿದೆ. ಓಬವ್ವ ಕಲ್ಲಿನ ಹಾಗೆ ನಿಂತಿದ್ದಳು. ಏಟು ಬಿತ್ತು, ಕೆಳಗೆ ಬಿದ್ದಳು, ಬಿದ್ದಾದ ಮೇಲೆ ಎದ್ದು ನಿಂತು ಶಾಂತವಾಗಿ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟಳು. ಆಚೆಯಿಂದ ತಮ್ಮ ನಗುತ್ತಿದ್ದ. ಮುಂದಿನ ಸುತ್ತಿನಲ್ಲಿ ಅವನಿಗೂ ಹಾಗೇ ಆಯಿತು, ಆಗ ನಗು ನಿಂತಿತು.

ಇದರ ಲೆಕ್ಕ ಸುಲಭ. ಆಟ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರ, ಓಡುತ್ತೆ. ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್. ನಮ್ಮ ಮನೆಯಿಂದ ಟೊರೊಂಟೊಗೆ ಹೋಗಿ ಬರಲು 250 ಮಿಲಿಸೆಕೆಂಡ್ ಆಚೀಚೆ ಹಿಡಿಯುತ್ತೆ, ನಾನೇ ಅಳೆದು ನೋಡಿದ್ದೇನೆ. ಒಂದು ಕಡೆಯ ದಾರಿಗೆ ಅರ್ಧ, ಅಂದರೆ ಏಳೆಂಟು ಫ್ರೇಮ್. ಈ ಆಟದ ಚುರುಕು ಏಟು ಸುಮಾರು ಹನ್ನೆರಡು ಫ್ರೇಮಿಗೆ ಬಂದು ತಾಗುತ್ತೆ. ಇನ್ನು ಉಳಿದದ್ದೆಷ್ಟು? ಸೋಲ್‌ಕ್ಯಾಲಿಬರ್ 6 ಹಳೆಯ ಪದ್ಧತಿಯದ್ದು. ಎರಡೂ ಕಡೆಯ ಗುಂಡಿ ಒತ್ತಿದ ಸುದ್ದಿ ತಲುಪುವ ತನಕ ಆಟ ಕಾಯುತ್ತೆ, ನಮ್ಮ ಕೈಯನ್ನೂ ಕಾಯಿಸುತ್ತೆ. ರೋಲ್‌ಬ್ಯಾಕ್ ಅನ್ನುವ ಪದ್ಧತಿಯಲ್ಲಿ ಆಟ ಕಾಯುವುದಿಲ್ಲ, ಎದುರಿನವರು ಏನು ಒತ್ತಿರಬಹುದು ಅಂತ ಊಹಿಸಿ ಮುಂದೆ ಹೋಗುತ್ತೆ, ಊಹೆ ತಪ್ಪಿದರೆ ಹಿಂದೆ ಬಂದು ಸರಿಮಾಡಿಕೊಳ್ಳುತ್ತೆ. 2021ರ ಗಿಲ್ಟಿ ಗಿಯರ್ ಸ್ಟ್ರೈವ್ ಅನ್ನುವ ಹೊಡೆದಾಟದ ಆಟದಲ್ಲಿ ಅದಿದೆ, 2023ರ ಸ್ಟ್ರೀಟ್ ಫೈಟರ್ 6ರಲ್ಲಿ ಇದೆ. ಇದರಲ್ಲಿ ಇಲ್ಲ. ಎರಡನೇ ಸೀಸನ್ ಅಂತ ಹೊಸ ಕಂತು ತಂದು ಹೊಸ ಏಟು, ಹೊಸ ಬಟ್ಟೆ ಎಲ್ಲಾ ಕೊಟ್ಟರು, ಇದೊಂದನ್ನು ಕೊಡಲಿಲ್ಲ. ನನ್ನ ದೊಡ್ಡ ಕೊರಗು ಇದೇ.

ತಪ್ಪು ಆಟದ್ದು ಮಾತ್ರ ಅಂತಲೂ ಹೇಳಲಾರೆ. ಮೊದಲ ಆರು ತಿಂಗಳು ನಾನು ವೈಫೈನಲ್ಲಿ ಆಡಿದೆ. ನೆಟ್ ಕೊಟ್ಟವರಿಗೆ ಫೋನ್ ಮಾಡಿದರೆ "ಮೇಡಂ, ಸ್ಪೀಡ್ ಬರ್ತಾ ಇದೆಯಲ್ಲ" ಅನ್ನುವರು. ಸ್ಪೀಡ್ ಬರುತ್ತೆ ಮಾರಾಯ್ರೆ, ಸಮಯಕ್ಕೆ ಬರಲ್ಲ. ಕೊನೆಗೆ ನಮ್ಮ ಬೀದಿಯ ಮೊಬೈಲ್ ರಿಪೇರಿ ಅಂಗಡಿಯ ಹುಡುಗ ಹದಿನೈದು ಮೀಟರ್ ಕೇಬಲ್ ಎಳೆದು ಕೊಟ್ಟ. ಗೋಡೆಗೆ ಮೊಳೆ ಹೊಡೆಯುತ್ತಾ ಪರದೆ ನೋಡಿದವನು ಸುತ್ತಿಗೆ ಕೆಳಗಿಟ್ಟು, "ಮೇಡಂ, ಇದು ಸೋಲ್‌ಕ್ಯಾಲಿಬರ್ ಅಲ್ವಾ? ನನ್ನ ಹತ್ರನೂ ಇದೆ" ಅಂದ. ಅವನು ತಾಲಿಮ್ ಆಡುತ್ತಾನೆ, ಎರಡು ಕೈಗೂ ಸಣ್ಣ ಅಲಗು ಕಟ್ಟಿಕೊಂಡ ಫಿಲಿಪ್ಪೀನ್ಸ್ ಹುಡುಗಿ.

ಅವನ ಜೊತೆ ಮೊದಲ ಸಲ ಆಡಿದ ರಾತ್ರಿ ನನಗೆ ಗೊತ್ತಾಯಿತು, ಇಷ್ಟು ದಿನ ನಾನು ಆಡುತ್ತಿದ್ದದ್ದು ಈ ಆಟದ ನೆರಳನ್ನು. ಒಂದೇ ಊರು, ಎರಡೂ ಕಡೆ ಕೇಬಲ್. ಒತ್ತಿದರೆ ಆಯಿತು, ಸರಿದರೆ ಸರಿಯಿತು. ಗಾರ್ಡ್ ಇಂಪ್ಯಾಕ್ಟ್ ಮೂರು ಸಲ ಸಾಲಾಗಿ ಕೂಡಿಬಂತು. ಹನ್ನೊಂದು ಮ್ಯಾಚ್ ಆಡಿದೆವು, ಒಂಬತ್ತು ಸೋತೆ. ಒಂದು ಸೋಲಿಗೂ ನೆಟ್ಟನ್ನು ಬಯ್ಯಲು ಆಗಲಿಲ್ಲ. ಆಮೇಲೆ ಅವನು ಮೆಸೇಜ್ ಹಾಕಿದ: "ಮೇಡಂ, ನೀವು ಬೀಸೋದು ಜಾಸ್ತಿ, ಕುಟ್ಟೋದು ಕಮ್ಮಿ." ಒನಕೆ ಹಿಡಿದವಳಿಗೆ ಇದಕ್ಕಿಂತ ಅವಮಾನ ಬೇಕಾ?

ಗೊತ್ತಿಲ್ಲದವರ ಜೊತೆ ಆಡುವುದು ಅದೃಷ್ಟದ ಮೇಲೆ. ನನ್ನ ಹೊತ್ತಿಗೆ ಎದುರಾಳಿ ಸಿಗಲು ಕೆಲವು ಸಲ ಐದು ನಿಮಿಷ, ಕೆಲವು ಸಲ ಸಿಗುವುದೇ ಇಲ್ಲ. ಸಿಕ್ಕವರ ಹೆಸರಿನ ಪಕ್ಕ ಸಿಗ್ನಲ್ ಕಡ್ಡಿ ತೋರಿಸುತ್ತೆ. ಕಡ್ಡಿ ಕಮ್ಮಿ ಇದ್ದರೆ ನಾನು ಬೇಡ ಅಂದುಬಿಡುತ್ತೇನೆ. ಶುಕ್ರವಾರ, ಶನಿವಾರ ರಾತ್ರಿ ವಾಸಿ.

ಅಲ್ಲಿ ಬರುವ ಆಳುಗಳನ್ನು ನೋಡುವುದೇ ಒಂದು ಜಾತ್ರೆ. ಒಬ್ಬ ಸೋಫಾ ಆಗಿ ಬಂದಿದ್ದ. ನಿಜವಾಗಿ, ಕಾಲು ಬಂದ ಸೋಫಾ, ಕೈಯಲ್ಲಿ ಕೊಡಲಿ. ಕಾರ್ಟೂನಿನವರು, ಸಿನಿಮಾದವರು, ಬೇರೆ ಆಟದವರು ಎಲ್ಲಾ ಬರುತ್ತಾರೆ. ಅಸಹ್ಯವೂ ಬರುತ್ತೆ. ಬಿಡಿ ವಸ್ತುಗಳನ್ನು ಎಲ್ಲಿ ಹೇಗೆ ಅಂಟಿಸಿದರೆ ಏನಾಗುತ್ತೆ ಅಂತ ಕೆಲವರು ಪಿಎಚ್‌ಡಿ ಮಾಡಿದ್ದಾರೆ. ನಾನು ಅಂಥವರ ಕೋಣೆಯಿಂದ ಎದ್ದು ಬರುತ್ತೇನೆ. ಕಂಪನಿಯವರೂ ಏನು ಕಮ್ಮಿ ಇಲ್ಲ, ಐವಿಯ ಬಟ್ಟೆ ನೋಡಿದರೆ ಗೊತ್ತಾಗುತ್ತೆ. ಬಲವಾದ ಏಟು ಬಿದ್ದರೆ ಬಟ್ಟೆ ಒಡೆದು ಉದುರುವ ಏರ್ಪಾಡು ಬೇರೆ. ನನ್ನ ಓಬವ್ವನ ಸೆರಗು ಉದುರಿದ ದಿನ ಅಮ್ಮ ಪಕ್ಕದಲ್ಲೇ ಕೂತಿದ್ದಳು. "ಆ ಹಾಳಾದವನನ್ನ ಬಿಡಬೇಡ" ಅಂದಳು. ಬಿಡಲಿಲ್ಲ. ಒಳಗಿನ ರವಿಕೆಯನ್ನು ಮಾರನೇ ದಿನವೇ ದಪ್ಪ ಮಾಡಿದೆ. ಹೆಣ್ಣುಮಕ್ಕಳು ಈ ಆಟದಲ್ಲಿ ಆಳು ಮಾಡುವಾಗ ಒಳಗಿನ ಬಟ್ಟೆಯಿಂದಲೇ ಶುರು ಮಾಡಿ, ನನ್ನ ಅನುಭವದ ಮಾತು.

ಹಾಗಾದರೆ ಕೊಳ್ಳಬೇಕಾ? ಪೂರ್ತಿ ಬೆಲೆಗೆ ಬೇಡ. ಮೂಲ ಆಟಕ್ಕೆ ಆಗಾಗ ಚೆನ್ನಾಗಿ ಬೆಲೆ ಇಳಿಸುತ್ತಾರೆ, ಆಗ ತಗೊಳ್ಳಿ. ಬಟ್ಟೆಯ ಪ್ಯಾಕ್‌ಗಳನ್ನು ನೋಡಿ ಕೊಳ್ಳಿ, ಎಲ್ಲವೂ ಬೇಕಾಗಲ್ಲ. ಕೀಬೋರ್ಡಿನಲ್ಲಿ ಆಡುವ ಸಾಹಸ ಬೇಡ, ಒಂದು ಸಾಧಾರಣ ಕಂಟ್ರೋಲರ್ ಸಾಕು. ನಿಮ್ಮ ಊರಿನಲ್ಲೇ ಆಡುವವರೊಬ್ಬರು ಇದ್ದರೆ ಅಥವಾ ಮನೆಯಲ್ಲೇ ಇಬ್ಬರು ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಸಮುದ್ರದಾಚೆಯ ತಮ್ಮನ ಜೊತೆ ಆಡಲಿಕ್ಕೇ ಅಂತಾದರೆ, ಅವನು ರಜೆಗೆ ಬರುವ ತನಕ ತಡೆಯಿರಿ.

ನನ್ನವನು ಡಿಸೆಂಬರ್‌ನಲ್ಲಿ ಬರುತ್ತಾನೆ. ಎರಡನೇ ಕಂಟ್ರೋಲರ್ ತಂದಿಟ್ಟಿದ್ದೇನೆ. ಅಮ್ಮ ಊರಿಗೆ ಹೋದಾಗ ಅಟ್ಟದ ಮೇಲಿದ್ದ ಹಳೆಯ ಒನಕೆಯ ಫೋಟೊ ಕಳಿಸಿದ್ದಾಳೆ, ಅಳತೆಗೆ ಪಕ್ಕದಲ್ಲಿ ತನ್ನ ಚಪ್ಪಲಿ ಇಟ್ಟು. ಕಲಿಯುಗವನ್ನು ದಪ್ಪ ಮಾಡುವ ದಾರಿ ಇನ್ನೂ ಸಿಕ್ಕಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿ. ಆ ಕಬ್ಬಿಣದ ಬಳೆಯನ್ನಾದರೂ ಹಾಕಬೇಕು.